ಮಾವನ ಪತ್ರ ಬರೆಯುವ ಕಂಪ್ಯೂಟರ್‌ಗೆ ಲಿನಕ್ಸ್: ನುಡಿ ಕೀಲಿ, ಹಳೇ ಫೈಲು, ಲೀಗಲ್ ಹಾಳೆ ಸಮೇತ

ನನ್ನ ಸೋದರಮಾವ ಮಂಡ್ಯದಲ್ಲಿ ಪತ್ರ ಬರಹಗಾರರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಕರಾರು, ವಿಲ್ಲು ಎಲ್ಲವನ್ನೂ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರಿಂಟ್ ಹೊಡೆದು ಕೊಡುತ್ತಾರೆ. ಅವರ ಕಂಪ್ಯೂಟರ್‌ನಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಂದು ವರ್ಷ ಹೆಚ್ಚುವರಿ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ಅದು ಮುಂದಕ್ಕೆ ಹಾಕಿದಂತೆ ಅಷ್ಟೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್‌ನಿಂದ ಮೇಲಕ್ಕೆ ಬೇಕು. ಮಾವನದ್ದು ನಾಲ್ಕನೇ ತಲೆಮಾರಿನ ಐ3. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್.

"ಟೈಪ್ ಮಾಡಕ್ಕೆ ಇದೇ ಸಾಕಲ್ವಾ ಮಗಾ? ಚೆನ್ನಾಗೇ ಅದಲ್ಲ" ಅಂದರು ಮಾವ. ಅವರು ಹೇಳಿದ್ದು ಸರಿ. ಟೈಪ್ ಮಾಡಿ ಪ್ರಿಂಟ್ ತೆಗೆಯೋಕೆ ಅದಕ್ಕಿಂತ ಜಾಸ್ತಿ ಏನೂ ಬೇಡ. ವಿಂಡೋಸ್ ಬದಲು ಲಿನಕ್ಸ್ ಹಾಕೋಣ, ದುಡ್ಡು ಕೊಡಬೇಕಿಲ್ಲ ಅಂದೆ.

"ಕದ್ದಿದ್ದಾ?"

ಕದ್ದಿದ್ದಲ್ಲ ಮಾವ, ಬರೆದವರೇ ಎಲ್ಲರೂ ಬಳಸಿ, ತಿದ್ದಿ, ಹಂಚಿ ಅಂತ ಬಿಟ್ಟಿದ್ದಾರೆ ಅಂದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಅನ್ನೋ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದ್ದು, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದದ್ದು, ತಿದ್ದಿ ಹಂಚುವವರು ಮುಂದಿನವರಿಗೂ ಅದೇ ಹಕ್ಕು ಕೊಡಬೇಕು ಅನ್ನೋ ಜಿಪಿಎಲ್ ಲೈಸೆನ್ಸು, ಎಲ್ಲಾ ಹೇಳಿದೆ. ಮಾವ ಕನ್ನಡಕ ಸರಿ ಮಾಡಿಕೊಂಡು "ಷರತ್ತು ಹಾಕಿದ ದಾನಪತ್ರ ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಯಾವ ಲಿನಕ್ಸ್?

ಲಿನಕ್ಸ್‌ಗೆ ಬೇರೆ ಬೇರೆಯವರು ಕಟ್ಟಿದ ರೂಪಗಳು ಹಲವು. ಈ ಪ್ರಶ್ನೆ ಬಂದರೆ ಎಲ್ಲರೂ ಅವುಗಳ ಹೆಸರುಗಳಿಂದ ಶುರು ಮಾಡುತ್ತಾರೆ. ಉಬುಂಟುನಾ, ಫೆಡೋರಾನಾ, ಡೆಬಿಯನ್ನಾ. ನಾನು ಮಾವನ ಮೇಜಿನಿಂದ ಶುರು ಮಾಡಿದೆ. ಅವರ ಕೈ ದಿನಾ ಮುಟ್ಟುವುದು ಇಷ್ಟು: ನುಡಿ ಕೀಲಿಮಣೆ, ಹಳೇ ಪತ್ರಗಳ ಫೈಲು, ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್, ಲೀಗಲ್ ಸೈಜ್ ಹಾಳೆ, ಒಂದು ಬ್ರೌಸರ್. ಈ ಐದೂ ನಡೆದರೆ ಯಾವ ಲಿನಕ್ಸ್ ಆದರೂ ಸರಿ. ಒಂದು ನಡೆಯದಿದ್ದರೂ ಬೇರೆ ಚೆಂದ ಎಷ್ಟಿದ್ದರೂ ದಂಡ. ವಾಲ್‌ಪೇಪರ್, ಡಾಕ್, ಕಿಟಕಿ ಅಲುಗಾಡೋ ಎಫೆಕ್ಟು ಇವೆಲ್ಲ ಆಮೇಲಿನ ಮಾತು.

ಡೆಬಿಯನ್ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿದೆ. 1993ರಿಂದ ಇದೆ, ಗಟ್ಟಿ. ಆದರೆ ನಾನಿರುವುದು ಮೈಸೂರಿನಲ್ಲಿ. ನಡುವೆ ಏನಾದರೂ ಕೆಟ್ಟರೆ ಮಾವ ಪಕ್ಕದ ಅಂಗಡಿ ಹುಡುಗನ ಕೈಯಲ್ಲಿ ಸರಿ ಮಾಡಿಸಬೇಕು. ಅವನಿಗೆ ನೋಡಿದ ಕೂಡಲೇ ಅರ್ಥ ಆಗೋ ಮೆನು ಬೇಕು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರು ಮಾಡಿರುವ ಬಾಸ್ ಲಿನಕ್ಸ್ ಕೂಡ ನೆನಪಾಯಿತು. ಅದೂ ಡೆಬಿಯನ್ ಮೇಲೇ ಕಟ್ಟಿದ್ದು, ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟಿದ್ದಾರೆ. ಆದರೆ ತೊಂದರೆ ಬಂದಾಗ ಗೂಗಲ್ ಮಾಡಿದರೆ ಉತ್ತರ ಜಾಸ್ತಿ ಸಿಗುವುದು ಉಬುಂಟುಗೆ, ಮಿಂಟ್‌ಗೆ. ಕೊನೆಗೆ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ ಅಂತ ತೀರ್ಮಾನ ಮಾಡಿದೆ. ಇದು ಉಬುಂಟು 24.04 ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ವಿಂಡೋಸ್ ಕಂಡವರಿಗೆ ಹೊಸದಾಗಿ ಕಲಿಯೋದು ಕಡಿಮೆ. ಸಿನಮನ್ ಆವೃತ್ತಿ ನೋಡೋಕೆ ಇನ್ನೂ ಚೆಂದ, ಆದರೆ ಈ ಮಷಿನ್‌ಗೆ ಎಕ್ಸ್‌ಎಫ್‌ಸಿಇ ಹಗುರ.

ಡಬ್ಬ ಬಿಚ್ಚಿದಾಗ

ಸಾಫ್ಟ್‌ವೇರ್‌ಗಿಂತ ಮುಂಚೆ ಕ್ಯಾಬಿನೆಟ್. ಮಾವನ ಕೋಣೆ ರಸ್ತೆ ಪಕ್ಕ. ಪ್ರೊಸೆಸರ್ ಫ್ಯಾನ್ ಕೆಳಗಿನ ಹೀಟ್‌ಸಿಂಕ್ ಸಂದಿಯೆಲ್ಲಾ ಧೂಳು ಮೆತ್ತಿಕೊಂಡು ಗಾಳಿ ಆಡೋಕೆ ಜಾಗವೇ ಇರಲಿಲ್ಲ. ಫ್ಯಾನ್ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿದು ಬ್ಲೋವರ್ ಹೊಡೆದೆ. ಸುಮ್ನೆ ಹೊಡೆದರೆ ಫ್ಯಾನ್ ಗರಗರ ತಿರುಗಿ ಬೇರಿಂಗ್ ಹಾಳಾಗುತ್ತದೆ. ಥರ್ಮಲ್ ಪೇಸ್ಟ್ ಒಣಗಿ ಚೂರು ಚೂರಾಗಿ ಉದುರುತ್ತಿತ್ತು. ಒರೆಸಿ ಹೊಸದು ಹಚ್ಚಿದೆ, ಒಂದು ಕಡಲೆ ಕಾಳಿನಷ್ಟು ಸಾಕು. ಇಂಟೆಲ್ ಜೊತೆ ಬರುವ ಫ್ಯಾನ್‌ಗೆ ನಾಲ್ಕು ಮೂಲೆಯಲ್ಲಿ ಒತ್ತುವ ಪಿನ್ ಇರುತ್ತವೆ. ಅವನ್ನು ಎದುರು ಬದುರು ಮೂಲೆಯಂತೆ ಒತ್ತಬೇಕು, ಆಮೇಲೆ ಬೋರ್ಡಿನ ಹಿಂದೆ ನಾಲ್ಕೂ ಹೊರಗೆ ಬಂದಿವೆಯಾ ಅಂತ ನೋಡಬೇಕು.

ಮಾವನ ಇನ್ನೊಂದು ದೂರು ಇತ್ತು. ಬೆಳಿಗ್ಗೆ ಆನ್ ಮಾಡಿದರೆ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ಯಾವ ವೆಬ್‌ಸೈಟೂ ತೆರೆಯಲ್ಲ. ಇದು ಇಂಟರ್‌ನೆಟ್ ತೊಂದರೆ ಅಲ್ಲ. ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿದೆ ಅಂತ ಅರ್ಥ. ಸೈಟಿನ ಭದ್ರತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ತಾನು ಹತ್ತು ವರ್ಷ ಹಿಂದೆ ಇದ್ದೀನಿ ಅಂದುಕೊಂಡರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರುವುದಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ಹಾಕಿದ್ದೇ ಸರಿ ಹೋಯಿತು.

ಜೊತೆಗೆ 240 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಒಂದು, ಸೆಕೆಂಡ್‌ಹ್ಯಾಂಡ್ ಡಿಡಿಆರ್3 ರ‍್ಯಾಮ್ 4 ಜಿಬಿ ಒಂದು. ಒಟ್ಟು 8 ಜಿಬಿ ಆಯಿತು. ದುಡ್ಡು ಖರ್ಚು ಮಾಡುವುದಾದರೆ ಮೊದಲು ಎಸ್‌ಎಸ್‌ಡಿಗೆ ಮಾಡಿ. ಹಳೇ ಮಷಿನ್ ನಿಧಾನ ಅನ್ನಿಸುವುದಕ್ಕೆ ಮುಕ್ಕಾಲು ಪಾಲು ಕಾರಣ ತಿರುಗುವ ಹಾರ್ಡ್ ಡಿಸ್ಕೇ.

ಹಳೇ ಡಿಸ್ಕನ್ನು ಬಿಚ್ಚುವ ಮುಂಚೆ ವಿಂಡೋಸನ್ನು ಶಿಫ್ಟ್ ಒತ್ತಿಕೊಂಡೇ ಶಟ್‌ಡೌನ್ ಮಾಡಿದೆ. ಮಾಮೂಲಿ ಶಟ್‌ಡೌನ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನೋ ಸೌಲಭ್ಯ ಅರ್ಧ ನಿದ್ದೆಯಲ್ಲೇ ಡಿಸ್ಕನ್ನು ಬಿಡುತ್ತದೆ. ಹಾಗೆ ಬಿಟ್ಟ ಡಿಸ್ಕನ್ನು ಲಿನಕ್ಸ್ ಓದುತ್ತದೆ, ಬರೆಯೋಕೆ ಒಪ್ಪುವುದಿಲ್ಲ. ಆಮೇಲೆ ಅದರ ಸಾಟಾ ಕೇಬಲ್ ಕಿತ್ತು ಪಕ್ಕಕ್ಕೆ ಇಟ್ಟೆ. ಇನ್‌ಸ್ಟಾಲ್ ಮಾಡುವಾಗ 'ಡಿಸ್ಕ್ ಪೂರ್ತಿ ಅಳಿಸು' ಅನ್ನುವ ಕಡೆ ಒತ್ತಬೇಕಲ್ವಾ, ಆಗ ಮಷಿನ್‌ಗೆ ಕಾಣುವುದು ಹೊಸ ಎಸ್‌ಎಸ್‌ಡಿ ಒಂದೇ ಆಗಿರಬೇಕು. ಮಾವನ ಇಷ್ಟು ವರ್ಷದ ಪತ್ರಗಳೆಲ್ಲ ಆ ಹಳೇ ಡಿಸ್ಕಿನಲ್ಲಿವೆ.

ಪೆನ್‌ಡ್ರೈವ್‌ನಲ್ಲೇ ಮೊದಲ ಪ್ರಿಂಟು

ವೆಂಟಾಯ್ ಅನ್ನೋ ತಂತ್ರಾಂಶ ಹಾಕಿದ ಪೆನ್‌ಡ್ರೈವ್ ನನ್ನ ಬಳಿ ಯಾವಾಗಲೂ ಇರುತ್ತದೆ. ಅದರಲ್ಲಿ ಐಎಸ್‌ಒ ಫೈಲನ್ನು, ಅಂದರೆ ಇಡೀ ಲಿನಕ್ಸ್ ತುಂಬಿರುವ ಒಂದು ಫೈಲನ್ನು, ಕಾಪಿ ಮಾಡಿದರೆ ಸಾಕು, ಬೂಟ್ ಆಗುತ್ತದೆ. ಎರಡು ಮೂರು ಐಎಸ್‌ಒ ಒಟ್ಟಿಗೆ ಇಟ್ಟುಕೊಳ್ಳಬಹುದು. ಡೌನ್‌ಲೋಡ್ ಆದ ಮೇಲೆ ಶಾ256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನು, ಸೈಟಿನಲ್ಲಿ ಕೊಟ್ಟಿರುವುದಕ್ಕೆ ಹೋಲಿಸಿ ನೋಡಿ. ನೆಟ್ ನಡುವೆ ಕಡಿದು ಫೈಲು ಕೆಟ್ಟಿದ್ದರೆ ಇನ್‌ಸ್ಟಾಲ್ ಅರ್ಧದಲ್ಲಿ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಲೈವ್ ಆಗಿ ಬೂಟ್ ಮಾಡಿದೆ, ಅಂದರೆ ಡಿಸ್ಕ್‌ಗೆ ಏನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ಓಡಿಸಿದೆ. ಇಲ್ಲಿ ಹೆಚ್ಚಿನವರು ವೈಫೈ ಬಂತಾ, ಹಾಡು ಕೇಳಿಸಿತಾ ನೋಡಿ ಇನ್‌ಸ್ಟಾಲ್ ಒತ್ತಿಬಿಡುತ್ತಾರೆ. ನಾನು ಪ್ರಿಂಟ್ ತೆಗೆಯದೆ ಇನ್‌ಸ್ಟಾಲ್ ಮಾಡುವುದಿಲ್ಲ. ಈ 1020 ಪ್ರಿಂಟರ್‌ನ ಒಳಗೆ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಕಾಯಂ ಆಗಿ ಕೂತಿರುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರೇ ಅದನ್ನು ಕಳಿಸಿಕೊಡಬೇಕು. ಮಿಂಟ್‌ನಲ್ಲಿ ಎಚ್‌ಪಿ ಪ್ರಿಂಟರ್‌ಗಳಿಗೆ ಎಚ್‌ಪಿಲಿಪ್ ಅನ್ನೋ ಮುಕ್ತ ತಂತ್ರಾಂಶ ಇದೆ, ಆದರೆ ಈ ಮಾಡೆಲ್‌ಗೆ ಅದರ ಜೊತೆ ಕಂಪನಿಯ ಒಂದು ಪ್ಲಗಿನ್ ಬೇಕು. ಪ್ಲಗಿನ್ ಮುಕ್ತ ಅಲ್ಲ, ಆದ್ದರಿಂದ ಐಎಸ್‌ಒ ಒಳಗೆ ಬರುವುದಿಲ್ಲ. ಟರ್ಮಿನಲ್ ತೆಗೆದು 'ಎಚ್‌ಪಿ-ಪ್ಲಗಿನ್' ಅಂತ ಓಡಿಸಿದರೆ ತಾನೇ ಇಳಿಸಿಕೊಳ್ಳುತ್ತದೆ. ಎಚ್‌ಪಿಲಿಪ್ ಆವೃತ್ತಿಯೂ ಪ್ಲಗಿನ್ ಆವೃತ್ತಿಯೂ ಒಂದೇ ಇರಬೇಕು. ಮುಂದೆ ಎಂದಾದರೂ ಅಪ್‌ಡೇಟ್ ಆದ ಮೇಲೆ ಪ್ರಿಂಟ್ ನಿಂತರೆ ಮೊದಲು ನೋಡಬೇಕಾದ್ದು ಇದನ್ನೇ.

ನೆಟ್‌ಗೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿದೆ. ಯಾವ ಡ್ರೈವರೂ ಕೇಳಲಿಲ್ಲ. ವೈಫೈ ಚಿಪ್ ಗುರುತು ಸಿಗದ ಲ್ಯಾಪ್‌ಟಾಪ್‌ಗಳಿಗೂ ಇದೇ ಉಪಾಯ.

ಪರೀಕ್ಷೆಯ ಹಾಳೆ ಬಂತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ "ಇಂಗ್ಲೀಷ್ ಬಂದ್ರೆ ಏನ್ ಬಂತು" ಅಂದರು.

ಇನ್‌ಸ್ಟಾಲ್ ಬಗ್ಗೆ ಬರೆಯೋಕೆ ಹೆಚ್ಚೇನಿಲ್ಲ. ಹಾಡು, ವಿಡಿಯೋಗೆ ಬೇಕಾದ ಮಲ್ಟಿಮೀಡಿಯಾ ಕೋಡೆಕ್ ಟಿಕ್ ಮಾಡಿದೆ, ಡಿಸ್ಕ್ ಪೂರ್ತಿ ಕೊಟ್ಟೆ, ಹೊತ್ತುವಲಯ ಕೋಲ್ಕತ್ತಾ ಆರಿಸಿದೆ. ಕಾಫಿ ಮುಗಿಯುವಷ್ಟರಲ್ಲಿ ಮುಗಿಯಿತು. ಮೆನುಗಳನ್ನು ಕನ್ನಡಕ್ಕೆ ಬದಲಾಯಿಸಬಹುದಿತ್ತು. ಮಾವನೇ ಬೇಡ ಅಂದರು, ಫೈಲು ಎಡಿಟ್ಟು ಅಂತ ಇದ್ದರೇ ಅವರಿಗೆ ಸಲೀಸು.

ನುಡಿ ಕೈಗೆ ನುಡಿ ಕೀಲಿ

ಇಲ್ಲಿಂದ ಮುಂದಕ್ಕೆ ನಿಜವಾದ ಕೆಲಸ. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು. ಆದರೆ ಅದರ ಕೀಲಿ ವಿನ್ಯಾಸ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ನಾವು ಕಗಪ (ಕನ್ನಡ ಗಣಕ ಪರಿಷತ್ತು) ಅನ್ನುವ ಕೀಲಿಮಣೆ, ಲಿನಕ್ಸ್‌ನಲ್ಲಿ ಎರಡು ಕಡೆ ಇದೆ. ಎರಡಕ್ಕೂ ವ್ಯತ್ಯಾಸ ಇದೆ, ಗಮನಿಸಿ.

ಒಂದು, ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಸಿಗುವ 'ಕನ್ನಡ, ಕಗಪ' ವಿನ್ಯಾಸ. ಇದನ್ನು ಹಾಕುವುದು ಸುಲಭ. ಆದರೆ ಇದಕ್ಕೆ ಹಿಂದಿನ ಅಕ್ಷರ ಯಾವುದು ಅನ್ನೋ ಪರಿವೆ ಇಲ್ಲ. ಒಂದು ಕೀಲಿ ಒತ್ತಿದರೆ ಒಂದು ಚಿಹ್ನೆ, ಅಷ್ಟೆ. ಹಾಗಾಗಿ ಸ್ವರದ ಕೀಲಿ ಒತ್ತಿದರೆ ಗುಣಿತದ ಚಿಹ್ನೆ ಬರುತ್ತದೆ, ಪೂರ್ತಿ ಸ್ವರ ಬೇಕಾದರೆ ಬಲಗಡೆ ಆಲ್ಟ್ ಹಿಡಿಯಬೇಕು. ಮಾವ 'ಆಸ್ತಿ' ಅಂತ ಹೊಡೆದರೆ ಮೊದಲಿಗೆ ಬರೀ ಒಂದು ದೀರ್ಘದ ಗುರುತು, ಅದೂ ಚುಕ್ಕೆ ಚುಕ್ಕೆ ಉಂಗುರದ ಪಕ್ಕ. ಕ್ರಯಪತ್ರದಲ್ಲಿ ಆಸ್ತಿ ಅನ್ನೋ ಪದ ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತು.

ಎರಡನೆಯದು ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶದ ಮೂಲಕ. 'ಐಬಸ್-ಎಂ17ಎನ್' ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು, ಕನ್ನಡದ ಕೆಳಗೆ ಕೆಜಿಪಿ, ಅಂದರೆ ಅದೇ ಕಗಪ, ಸೇರಿಸಬೇಕು. ಇದು ಹಿಂದಿನ ಅಕ್ಷರ ನೋಡುತ್ತದೆ. ಪದದ ಮೊದಲಲ್ಲಿ ಪೂರ್ತಿ ಸ್ವರ, ವ್ಯಂಜನದ ನಂತರ ಬಂದರೆ ಗುಣಿತ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ಮಾವನ ಬೆರಳು ನುಡಿಯಲ್ಲಿ ಹೇಗೆ ಓಡುತ್ತಿತ್ತೋ ಹಾಗೇ ಓಡಿತು.

ಆದರೂ ಒಂದು ಕಡೆ ನಿಂತಿತು. ನುಡಿಯಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗೋದು ಸ್ಕ್ರೋಲ್ ಲಾಕ್ ಕೀಲಿಯಿಂದ. ಐಬಸ್‌ನಲ್ಲಿ ಅದು ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್. ಇಷ್ಟು ವರ್ಷದ ಅಭ್ಯಾಸ, ಬೆರಳು ತಾನೇ ಮೇಲಿನ ಬಲ ಮೂಲೆಗೆ ಹೋಗುತ್ತದೆ. ಐಬಸ್ ಪ್ರಿಫರೆನ್ಸ್‌ನಲ್ಲಿ ಶಾರ್ಟ್‌ಕಟ್ ತೆಗೆದು ಸ್ಕ್ರೋಲ್ ಲಾಕ್ ಕೊಟ್ಟೆ. ಕೀಲಿ ಕೆಲಸ ಮಾಡಿತು, ಮಾವ ಮಾತ್ರ ಮತ್ತೆ ಮತ್ತೆ ಒತ್ತುತ್ತಲೇ ಇದ್ದರು. ನೋಡಿದರೆ ಅವರು ಪರದೆ ನೋಡುತ್ತಿಲ್ಲ, ಕೀಬೋರ್ಡಿನ ಮೇಲಿನ ಹಸಿರು ದೀಪ ನೋಡುತ್ತಿದ್ದಾರೆ. "ಲೈಟೇ ಹತ್ತಲ್ವಲ್ಲೋ, ಕನ್ನಡ ಎಂಗ್ ಬತ್ತದೆ?" ಐಬಸ್‌ಗೂ ಆ ದೀಪಕ್ಕೂ ಸಂಬಂಧ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಐಬಸ್ ಗುರುತನ್ನು ಗಡಿಯಾರದ ಪಕ್ಕಕ್ಕೆ ಎಳೆದು ದೊಡ್ಡದು ಮಾಡಿ ಕೊಟ್ಟೆ. ಈಗ ಅದನ್ನು ನೋಡುತ್ತಾರೆ, ಗೊಣಗುತ್ತಾ.

ಫಾಂಟ್‌ಗಳಿಗೆ ಪ್ಯಾಕೇಜ್‌ಗಳೇ ಇವೆ: ಲೋಹಿತ್ ಕನ್ನಡ, ಗುಬ್ಬಿ, ನವಿಲು. ಗುಬ್ಬಿಯೂ ನವಿಲೂ ಕನ್ನಡದವರೇ ಮಾಡಿ ಮುಕ್ತವಾಗಿ ಕೊಟ್ಟಿರುವ ಫಾಂಟ್‌ಗಳು. ನವಿಲು ಕೈಬರಹದ ಥರ ಇದೆ, ಮದುವೆ ಪತ್ರಿಕೆಗೆ ಚೆಂದ, ಕ್ರಯಪತ್ರಕ್ಕೆ ಬೇಡ.

ಹಳೇ ಫೈಲುಗಳ ಗೋಳು

ಪತ್ರ ಬರಹಗಾರರು ಯಾವ ಪತ್ರವನ್ನೂ ಮೊದಲಿನಿಂದ ಬರೆಯುವುದಿಲ್ಲ. ಹಳೇ ಪತ್ರ ತೆಗೆದು ಹೆಸರು, ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ ಬದಲಾಯಿಸುತ್ತಾರೆ. ಮಾವನ ಹಳೇ ಫೈಲುಗಳೆಲ್ಲ ನುಡಿಯ ಆಸ್ಕಿ ಫಾಂಟ್‌ನಲ್ಲಿವೆ. ಅಂದರೆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟ್. ಫಾಂಟ್ ಇಲ್ಲದ ಕಡೆ ತೆರೆದರೆ ತಲೆ ಮೇಲೆ ಕೊಂಬು, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ.

ಓದೋಕೆ, ಇದ್ದ ಹಾಗೇ ಪ್ರಿಂಟ್ ಮಾಡೋಕೆ ದಾರಿ ಸುಲಭ. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ತಂದು ಹೋಮ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಫಾಂಟ್ಸ್ ಫೋಲ್ಡರ್ ಮಾಡಿ ಹಾಕಿದೆ. ವರ್ಡ್ ಥರದ ಮುಕ್ತ ತಂತ್ರಾಂಶ ಲಿಬ್ರೆ ಆಫೀಸ್ ಮತ್ತೆ ತೆರೆದಾಗ ಪತ್ರಗಳು ನೆಟ್ಟಗೆ ಕಂಡವು. ಅದರ ಆಟೋಕರೆಕ್ಟ್ ಮಾತ್ರ ಮೊದಲು ಆಫ್ ಮಾಡಿ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡೋಕೆ ಹೋಗುತ್ತದೆ. ಆಸ್ಕಿ ನುಡಿಯಲ್ಲಿ ಸಣ್ಣಕ್ಷರ ಬೇರೆ, ದೊಡ್ಡಕ್ಷರ ಬೇರೆ, ಪದವೇ ಕೆಡುತ್ತದೆ.

ತಿದ್ದಬೇಕಾದ ಮಾದರಿಗಳನ್ನು ಮಾತ್ರ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೇ ಸ್ವಂತ ಜಾಗ ಇರುವ ವ್ಯವಸ್ಥೆಗೆ, ಪರಿವರ್ತಿಸಿದೆ. ಸಾವಿರಾರು ಹಳೇ ಪತ್ರ ಪರಿವರ್ತಿಸೋದು ವ್ಯರ್ಥ, ದಿನಾ ಬಳಸೋ ಮಾದರಿ ಕೆಲವೇ. ಪರಿವರ್ತಕಗಳು ಬೇಕಾದಷ್ಟಿವೆ, ಕೆಲಸ ಮಾಡುತ್ತವೆ. ಎರಡು ಕಡೆ ಕಣ್ಣಿಡಬೇಕು. ಒಂದು ಅರ್ಕಾವತ್ತು. ಆಸ್ಕಿಯಲ್ಲಿ ಅರ್ಕಾವತ್ತಿನ ತುಂಡು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆ ಮುಂದೆ ಮಾಡಬೇಕು. ಹಾಗಾಗಿ 'ಸರ್ವೆ', 'ಪೂರ್ವಕ್ಕೆ', 'ಖರ್ಚು' ಇರುವ ಕಡೆಯೆಲ್ಲಾ ಓದಿ ನೋಡಿದೆ. ಆಸ್ತಿ ಪತ್ರದಲ್ಲಿ ಒಂದು ಒತ್ತು ಆಚೀಚೆ ಆದರೂ ನಾಳೆ ತಿದ್ದುಪಡಿ ಪತ್ರ ಅಂತ ಓಡಾಡಬೇಕು.

ಇನ್ನೊಂದು ಪ್ಯಾನ್ ನಂಬರ್. ಅದರಲ್ಲಿ ಮೊದಲು ಐದು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಮತ್ತೊಂದು ಅಕ್ಷರ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ನುಡಿ ಅಂತ ಗೊತ್ತಾಗಲ್ಲ. ಅಂಕಿಗಳು ಹಾಗೇ ಉಳಿಯುತ್ತವೆ, ಅಕ್ಷರಗಳು ಅರ್ಥವಿಲ್ಲದ ಕನ್ನಡ ತುಂಡಾಗುತ್ತವೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿಗೂ ಇದೇ ಗತಿ. ಉಪಾಯ: ಪರಿವರ್ತಿಸುವ ಮುಂಚೆ ಇಂಗ್ಲಿಷ್ ಇರುವ ಕಡೆಯೆಲ್ಲಾ 9001, 9002 ಅಂತ ಅಂಕಿ ಹಾಕಿ, ಪರಿವರ್ತಿಸಿದ ಮೇಲೆ ಆ ಅಂಕಿಯ ಜಾಗಕ್ಕೆ ಮೂಲ ವಾಪಸ್ ಹಾಕಿದೆ.

ಲೀಗಲ್ ಹಾಳೆ

ನಾಲ್ಕು ಪುಟಕ್ಕೆ ಮುಗಿಯುತ್ತಿದ್ದ ಪತ್ರ ಪರಿವರ್ತಿಸಿದ ಮೇಲೆ ಐದನೇ ಪುಟಕ್ಕೆ ಎರಡು ಸಾಲು ಚೆಲ್ಲಿತು. ಸಾಕ್ಷಿಗಳ ಸಹಿ ಮಾತ್ರ ಒಂಟಿಯಾಗಿ ಇನ್ನೊಂದು ಹಾಳೆಗೆ ಹೋದರೆ ಮಾವ ಒಪ್ಪುವುದಿಲ್ಲ. ಯೂನಿಕೋಡ್ ಫಾಂಟ್‌ಗಳಲ್ಲಿ ಸಾಲಿನ ಎತ್ತರ ಜಾಸ್ತಿ. ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಸಾಲಿನ ಅಂತರವನ್ನು 'ಫಿಕ್ಸೆಡ್' ಮಾಡಿ ಅಳತೆ ಕೊಟ್ಟಾಗ ನಾಲ್ಕಕ್ಕೆ ಬಂತು. ಅಳತೆ ತೀರಾ ಕಡಿಮೆ ಮಾಡಿದರೆ ಒತ್ತಕ್ಷರದ ಕಾಲು ಕತ್ತರಿಸುತ್ತದೆ, ನೋಡಿಕೊಂಡು ಇಡಿ.

ಲಿಬ್ರೆ ಆಫೀಸ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಅದು ಕನ್ನಡವನ್ನು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಅನ್ನೋ ಬೇರೆ ಗುಂಪಿಗೆ ಸೇರಿಸುತ್ತದೆ. ಸ್ಟೈಲ್‌ನಲ್ಲಿ ಮೇಲಿನ ಡಬ್ಬಿಯಲ್ಲಿ ಫಾಂಟ್ ಸೈಜ್ ಬದಲಾಯಿಸಿದರೆ ಇಂಗ್ಲಿಷ್ ಮಾತ್ರ ಬದಲಾಗುತ್ತದೆ, ಕನ್ನಡ ಕದಲುವುದಿಲ್ಲ. ಸಿಟಿಎಲ್ ಡಬ್ಬಿಯಲ್ಲಿ ಬೇರೆ ಕೊಡಬೇಕು. ಆಸ್ಕಿ ನುಡಿಯ ಫೈಲಿಗೆ ಇದು ಉಲ್ಟಾ, ಅಲ್ಲಿ ಇಂಗ್ಲಿಷ್ ಡಬ್ಬಿಯೇ ಕೆಲಸ ಮಾಡೋದು, ಯಾಕೆಂದರೆ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ.

ಹಾಳೆಯ ಅಳತೆ ಎರಡು ಕಡೆ ಹೇಳಬೇಕು: ಪತ್ರದ ಪೇಜ್ ಸ್ಟೈಲ್‌ನಲ್ಲಿ ಲೀಗಲ್, ಅಂದರೆ 8.5 × 14 ಅಂಗುಲ, ಮತ್ತು ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಆಗಿ ಲೀಗಲ್. ಎರಡನೆಯದು ಎ4 ಆಗಿ ಉಳಿದರೆ ಕೆಳಗಿನ ಸಾಲು ಹಾರಿಹೋಗಬಹುದು, ಇಲ್ಲವೇ ಇಡೀ ಪುಟ ಕುಗ್ಗಿ ಬರಬಹುದು. ಮಾದರಿಗಳನ್ನೆಲ್ಲಾ ಟೆಂಪ್ಲೇಟ್ ಆಗಿ ಉಳಿಸಿದ್ದರಿಂದ ಮಾವ ಇದನ್ನೆಲ್ಲಾ ಮುಟ್ಟಬೇಕಾಗಿಲ್ಲ.

ಕೊನೆಗೆ ಟೈಮ್‌ಶಿಫ್ಟ್‌ನಲ್ಲಿ ವಾರಕ್ಕೊಂದು ಸ್ನ್ಯಾಪ್‌ಶಾಟ್ ಇಟ್ಟೆ. ಅಪ್‌ಡೇಟ್ ಏನಾದರೂ ಕೆಡಿಸಿದರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗಬಹುದು. ಅದು ಸಿಸ್ಟಂ ಫೈಲುಗಳಿಗೆ ಮಾತ್ರ, ಪತ್ರಗಳಿಗಲ್ಲ. ಹಳೇ ಡಿಸ್ಕಿನ ಕೇಬಲ್ ಮತ್ತೆ ಚುಚ್ಚಿ, ಅದರಲ್ಲಿ ಒಂದು ಫೋಲ್ಡರ್‌ಗೆ ಹೊಸ ಪತ್ರಗಳ ನಕಲು ಹೋಗುವಂತೆ ಮಾಡಿದೆ. ವಯಸ್ಸಾದ ಡಿಸ್ಕು, ಅದನ್ನು ನಂಬಿಕೊಂಡು ಕೂರುವಂತಿಲ್ಲ. ಇನ್ನೊಂದು ನಕಲಿಗೆ ಹೊರಗಿನ ಡಿಸ್ಕ್ ತರಬೇಕು.

ಸದ್ಯ ಕೆಲಸ ನಡೆಯುತ್ತಿದೆ. ಪಕ್ಕದ ಮೇಜಿನ ಪತ್ರ ಬರಹಗಾರರು ಬಂದು ನೋಡಿ, ನಮ್ಮದಕ್ಕೂ ಹಾಕಿಕೊಡಪ್ಪಾ ಅಂದರು. ಪ್ರಿಂಟರ್ ಯಾವುದು ಅಂತ ಕೇಳಿದೆ. ಕ್ಯಾನನ್ ಎಲ್‌ಬಿಪಿ2900. ಅದು ಮಾತಾಡೋದು ಕ್ಯಾಪ್ಟ್ ಅನ್ನೋ ಬೇರೆ ಭಾಷೆ, ಅದಕ್ಕೆ ಮಿಂಟ್‌ನಲ್ಲಿ ಸಿದ್ಧ ಡ್ರೈವರ್ ಇಲ್ಲ. ಹೊರಗಿನಿಂದ ತಂದು ಹಾಕಬೇಕು. ಪೆನ್‌ಡ್ರೈವ್ ತಂದು ಲೈವ್ ಆಗಿ ಓಡಿಸಿ ಒಂದು ಪುಟ ಪ್ರಿಂಟ್ ತೆಗೆದು ತೋರಿಸುತ್ತೀನಿ, ಬಂದರೆ ಮಾತ್ರ ಇನ್‌ಸ್ಟಾಲ್ ಅಂತ ಹೇಳಿದ್ದೇನೆ.